ಸೇವೆಗೆ ಪ್ರವಾಹವೇ ಬರಬೇಕೇ?

2018ರ ಆಗಸ್ಟ್‌ನಲ್ಲಿ ಕೊಡಗಿನ ಬೆಟ್ಟಗಳು ಜರಿದು ಬಿದ್ದಾಗ, ಮನೆ ಕಳಕೊಂಡವರಿಗೆ ಮದ್ರಸಾಗಳು, ಮಂದಿರಗಳು, ಚರ್ಚುಗಳು, ಕೊಡವ ಸಮಾಜಗಳು ಬಾಗಿಲು ತೆರೆದವು. ಮರುವರ್ಷದ ಆಗಸ್ಟ್‌ನಲ್ಲಿ ವಿರಾಜಪೇಟೆ ತಾಲೂಕಿನ ತೋರ ಗ್ರಾಮದಲ್ಲಿ ಗುಡ್ಡ ಕುಸಿದು ಜೀವಗಳು ಮಣ್ಣುಪಾಲಾದವು. ಅದೇ ಮಳೆಗಾಲದಲ್ಲಿ ವಿರಾಜಪೇಟೆ ಪಟ್ಟಣದ ಅಯ್ಯಪ್ಪ ಬೆಟ್ಟದಲ್ಲಿ ಬಿರುಕು ಕಾಣಿಸಿಕೊಂಡು, ತಪ್ಪಲಿನ ಕುಟುಂಬಗಳು ಮನೆ ತೊರೆಯಬೇಕಾಯಿತು. ಆಗೆಲ್ಲ ನಮ್ಮ ಯುವಕರು ಹಗಲಿರುಳು ದುಡಿದರು. ಆದರೆ ಮಳೆ ನಿಂತಿತು, ಸೇವೆಯೂ ನಿಂತಿತು. ಬೆಟ್ಟದ ಮೇಲಿನ ಬಡವರ ಮನೆಗಳು ಮಾತ್ರ ಅಲ್ಲೇ ಉಳಿದುವು.

ಪಟ್ಟಣಗಳ ಪುನರುಜ್ಜೀವನವೆಂಬುದು ಇಂದು ಸರಕಾರಗಳ ಅಚ್ಚುಮೆಚ್ಚಿನ ಮಾತು. 2005ರ ಡಿಸೆಂಬರ್‌ನಲ್ಲಿ ಜವಾಹರಲಾಲ್ ನೆಹರೂ ನಗರ ಪುನರುಜ್ಜೀವನ ಯೋಜನೆ ಆರಂಭವಾದಾಗ ಕರ್ನಾಟಕದಿಂದ ಬೆಂಗಳೂರು ಮತ್ತು ಮೈಸೂರು ಅದಕ್ಕೆ ಆಯ್ಕೆಯಾದವು. ಅನುದಾನ ಬೇಕಿದ್ದರೆ ನಾಗರಿಕರ ಸಹಭಾಗಿತ್ವಕ್ಕೆ ಕಾನೂನು ರೂಪಿಸಬೇಕೆಂಬ ಷರತ್ತು ಅದರಲ್ಲಿತ್ತು. ನಗರದ ತಜ್ಞ ನಾಗರಿಕರನ್ನು ಸ್ವಯಂಸೇವಕರಾಗಿ ಸಂಘಟಿಸುವ ಏರ್ಪಾಡೂ ಇತ್ತು. ಅದರ ನಂತರ 2015ರಲ್ಲಿ ಅಮೃತ್ ಯೋಜನೆ ಬಂತು. ಹೆಸರು ಬದಲಾದರೂ, ಜನರನ್ನು ಜೊತೆಗೂಡಿಸದೆ ಪಟ್ಟಣ ಬದಲಾಗದು ಎಂಬ ಸತ್ಯ ಬದಲಾಗಿಲ್ಲ.

ಆದರೆ ವಿರಾಜಪೇಟೆಯಂಥ ಊರಿನ ಪಾಡೇನು? ಸಂವಿಧಾನದ 74ನೇ ತಿದ್ದುಪಡಿಯು ವಾರ್ಡ್ ಸಮಿತಿಗಳನ್ನು ಕಡ್ಡಾಯಗೊಳಿಸಿರುವುದು ಮೂರು ಲಕ್ಷ ಅಥವಾ ಅದಕ್ಕಿಂತ ಹೆಚ್ಚು ಜನಸಂಖ್ಯೆಯ ನಗರಗಳಿಗೆ ಮಾತ್ರ. 2011ರ ಜನಗಣತಿಯಂತೆ ವಿರಾಜಪೇಟೆಯದ್ದು ಹದಿನೇಳು ಸಾವಿರದಷ್ಟು. ಪಟ್ಟಣ ಪಂಚಾಯತ್ ಪುರಸಭೆಯಾಗಿ ಮೇಲ್ದರ್ಜೆಗೇರಿದರೂ ಈ ಅಂತರ ನೀಗದು. ಹಾಗೆಂದು, ಕಡ್ಡಾಯವಲ್ಲದ್ದನ್ನು ಮಾಡಬಾರದೆಂದು ಯಾವ ಕಾನೂನೂ ಹೇಳುವುದಿಲ್ಲ. ಮೂರು ಲಕ್ಷ ಜನರನ್ನು ಒಂದೆಡೆ ಕೂರಿಸುವುದು ಕಷ್ಟ. ಒಂದು ವಾರ್ಡಿನ ಕೆಲವು ನೂರು ಮನೆಗಳನ್ನು ತಲುಪುವುದು ಕಷ್ಟವೇ?

ಸಾಮಾನ್ಯವಾಗಿ ನಮ್ಮ ಸ್ಥಳೀಯಾಡಳಿತಗಳಿಗೆ ಜನಸಂಪರ್ಕವೆಂದರೆ ಅಕ್ಟೋಬರ್ 2ರಂದು ಪೊರಕೆ ಹಿಡಿದು ತೆಗೆಸಿಕೊಳ್ಳುವ ಒಂದು ಫೋಟೋ. ಜನರಿಂದ ಶ್ರಮ ಕೇಳುವವರು ಅವರ ಅಭಿಪ್ರಾಯವನ್ನು ಕೇಳುವುದಿಲ್ಲ. ಯಾವ ಮೋರಿ ಎಲ್ಲಿ ಕಟ್ಟಿಕೊಳ್ಳುತ್ತದೆ, ಯಾವ ಧರೆ ಪ್ರತಿವರ್ಷ ಎಷ್ಟು ಜರಿಯುತ್ತದೆ ಎಂಬುದು ಬೆಟ್ಟದ ಮೇಲಿನ ಮನೆಯ ಮಹಿಳೆಗೆ ಗೊತ್ತಿರುವಷ್ಟು ಕಚೇರಿಯ ಕಡತಕ್ಕೆ ಗೊತ್ತಿಲ್ಲ. ಆಕೆಯನ್ನು ಸಭೆಗೆ ಕರೆಯದ ಯೋಜನೆ ಕೊನೆಗೆ ಆಕೆಯ ಕೈಗಿಡುವುದು ತೆರವಿನ ನೋಟೀಸನ್ನು ಮಾತ್ರ. ಸ್ವಯಂಸೇವಕರನ್ನು ಪೌರಕಾರ್ಮಿಕರ ಬದಲಿಗೆ ಬಿಟ್ಟಿ ಆಳುಗಳಂತೆ ಬಳಸುವುದೂ ಸಲ್ಲದು.

ಇಷ್ಟು ಹೇಳಿದ ಬಳಿಕ ನಮ್ಮತ್ತಲೂ ನಾವು ನೋಡಿಕೊಳ್ಳಬೇಕು. ದಾರಿಯಲ್ಲಿನ ತೊಡಕನ್ನು ನಿವಾರಿಸುವುದನ್ನು ವಿಶ್ವಾಸದ ಭಾಗವೆಂದು ಕಲಿಸಿದ ಪ್ರವಾದಿಯವರ ಅನುಯಾಯಿಗಳು ನಾವು. ಆದರೆ ಜುಮಾದ ದಿನ ಮಸೀದಿಯ ಮುಂದಿನ ರಸ್ತೆಗೆ ಅಡ್ಡಲಾಗಿ ನಿಲ್ಲುವ ವಾಹನಗಳು ಯಾರವು? ಮದುವೆ ಹಾಲ್‌ನ ಹಿಂದೆ ರಾಶಿ ಬೀಳುವ ಪ್ಲಾಸ್ಟಿಕ್ ತಟ್ಟೆಗಳು ಯಾರವು? ಕುರ್ಬಾನಿಯ ತ್ಯಾಜ್ಯವನ್ನು ತೋಡಿಗೆಸೆದು ಬಂದವನು ತನ್ನ ಆರಾಧನೆ ಸಂಪೂರ್ಣವಾಯಿತೆಂದು ಭಾವಿಸಬಹುದೇ? ಕಸವನ್ನು ಮನೆಯಲ್ಲೇ ವಿಂಗಡಿಸಬೇಕೆಂಬ ನಿಯಮ 2016ರಲ್ಲೇ ಬಂದಿದೆ. ಅದನ್ನು ಪಾಲಿಸಲು ಯಾವ ಬಜೆಟ್ ಬೇಕು?

ಪುರಸಭೆಯು ಮಳೆಗಾಲಕ್ಕೆ ಮೊದಲು ವಾರ್ಡು ವಾರ್ಡಿಗೆ ಬರಲಿ. ಕನ್ನಡದ ಜೊತೆಗೆ ಮಲಯಾಳಂ, ಉರ್ದು, ಕೊಡವ ಭಾಷೆಗಳಲ್ಲೂ ಮಾತನಾಡಲಿ. ಕೂಲಿಯಿಂದ ಮರಳಿದವರೂ ಮಹಿಳೆಯರೂ ಬರಬಹುದಾದ ಹೊತ್ತಿನಲ್ಲಿ ಸಭೆ ನಡೆಸಲಿ. ಅಲ್ಲಿ ಕೇಳಿಬಂದ ಬೇಡಿಕೆಗಳಲ್ಲಿ ಯಾವುದು ಈಡೇರಿತು, ಯಾವುದು ಉಳಿಯಿತು ಎಂಬುದನ್ನು ಬಹಿರಂಗವಾಗಿ ತಿಳಿಸಲಿ. ನಮ್ಮ ಜಮಾಅತ್‌ಗಳು ತಮ್ಮ ವ್ಯಾಪ್ತಿಯ ಮನೆಗಳಿಗಷ್ಟೇ ಸೀಮಿತವಾಗದೆ, ಇಡೀ ವಾರ್ಡಿನ ಹಾಸಿಗೆ ಹಿಡಿದವರ, ಒಂಟಿ ವೃದ್ಧರ, ಧರೆಯಂಚಿನ ಮನೆಗಳ ಪಟ್ಟಿಯನ್ನು ನೆರೆಹೊರೆಯವರೊಂದಿಗೆ ಸೇರಿ ತಯಾರಿಸಲಿ. ಬೆಟ್ಟ ಬಿರಿದ ರಾತ್ರಿ ಯಾರನ್ನು ಮೊದಲು ಎತ್ತಿ ತರಬೇಕೆಂಬುದು ಆಗ ತಿಳಿದಿರುತ್ತದೆ.

ಪ್ರವಾಹದ ದಿನ ಒಂದೇ ಪಾತ್ರೆಯ ಅನ್ನ ಉಂಡವರಿಗೆ ಬಿಸಿಲಿನ ದಿನ ಒಂದೇ ಮೋರಿಯ ಬಗ್ಗೆ ಜೊತೆಗೆ ಕೂತು ಮಾತನಾಡಲು ಏನು ಅಡ್ಡಿ?