ಗೆರೆ ಎಳೆಯೋದು ಡ್ರೋನ್ ಅಲ್ಲ

1/5
"ಆರ್‌ಟಿಕೆ ಡ್ರೋನ್ ಇದೆಯಲ್ಲ, ನೆಲದ ಮೇಲೆ ಗುರುತು ಯಾಕೆ ಬೇಕು?" ಸರ್ವೆ ಕಲಿಯೋ ನಮ್ಮಲ್ಲಿ ಇದೊಂದು ಫ್ಯಾಷನ್ ಆಗಿಬಿಟ್ಟಿದೆ. ಇನ್ನು ಕೆಲವರಿಗೆ ಲೈಡಾರ್ ಅಂದ್ರೆ ದೇವರು. ಇಬ್ಬರಿಗೂ ಹೇಳೋದು ಒಂದೇ: ವಿಧಾನ ಆರಿಸೋದು ಬ್ಯಾಗಲ್ಲಿರೋ ಯಂತ್ರ ನೋಡಿ ಅಲ್ಲ, ಎದುರಿಗಿರೋ ನೆಲ ನೋಡಿ.

2/5
ಬಿತ್ತನೆಗೆ ಮುಂಚಿನ ವಿಜಯಪುರದ ಎರೆಹೊಲಕ್ಕೆ ಕ್ಯಾಮೆರಾ ಸಾಕು. ಫೋಟೊಗಳು ಒಂದರ ಮೇಲೊಂದು 70–80% ಕೂಡುವಂತೆ ಹಾರಿಸಿದರೆ ಒಳ್ಳೆ ನಕ್ಷೆ ಬರುತ್ತೆ. ಅಲ್ಲಿ ಲೈಡಾರ್ ದುಂದುವೆಚ್ಚ. ಅದೇ ಕ್ಯಾಮೆರಾನ ತೀರ್ಥಹಳ್ಳಿಯ ಅಡಿಕೆ ತೋಟದ ಮೇಲೆ ಹಾರಿಸಿ ನೋಡಿ. ಕಾಣೋದು ಬರೀ ಸೋಗೆ, ನೆಲ ಅಲ್ಲ. ಎಲೆಗಳ ಸಂದಿನಲ್ಲಿ ನುಸುಳಿ ನೆಲ ಮುಟ್ಟೋದು ಲೈಡಾರ್ ಕಿರಣ. ಅಲ್ಲಿ ದುಡ್ಡು ಉಳಿಸೋಕೆ ಹೋಗಬೇಡಿ.

3/5
ಆರ್‌ಟಿಕೆ ಹಾರಾಡುವಾಗಲೇ ಸ್ಥಾನ ತಿದ್ದುತ್ತೆ, ಆದರೆ ಅದಕ್ಕೆ ಸಂಪರ್ಕ ಕಡಿಯಬಾರದು. ಸಿಗ್ನಲ್ ಸಿಗದ ಕಣಿವೆಗೆ ಪಿಪಿಕೆ ವಾಸಿ, ಡೇಟಾ ದಾಖಲಿಸಿಕೊಂಡು ಆಮೇಲೆ ತಿದ್ದಬಹುದು. ಆದ್ರೆ ಎರಡೂ ಹೇಳೋದು ಡ್ರೋನ್ ಎಲ್ಲಿತ್ತು ಅನ್ನೋದನ್ನ. ನಕ್ಷೆ ಸರಿಯಿದೆಯಾ ಅಂತ ಹೇಳೋದು ನೆಲದಲ್ಲಿ ಬೇರೆಯಾಗಿ ಅಳೆದ ಚೆಕ್ ಪಾಯಿಂಟ್. ನಕ್ಷೆ ಕೂರಿಸೋಕೆ ಬಳಸಿದ ಬಿಂದುವಿನಲ್ಲೇ ಪರೀಕ್ಷೆ ಮಾಡೋದು, ಪರೀಕ್ಷೆ ಬರೆದವನೇ ಪೇಪರ್ ತಿದ್ದಿದ ಹಾಗೆ.

4/5
ಲೆಕ್ಕ ಹಾಕಿ. 30×40 ಸೈಟಿನ ಉದ್ದದ ಗೆರೆ ಒಂದಡಿ ಸರಿದರೆ 40 ಚದರ ಅಡಿ ಪಕ್ಕದವರ ಪಾಲು. 1:500 ನಕ್ಷೆಯಲ್ಲಿ ಆ ಒಂದಡಿ ಸುಮಾರು 0.6 ಮಿ.ಮೀ., ಪೆನ್ನಿನ ಗೆರೆಯಷ್ಟೇ. ನಮಗದು 'ಎರರ್'. ಊರಲ್ಲಿ ಅದು ಅಣ್ಣ ತಮ್ಮಂದಿರ ಮಾತು ಬಿಡಿಸೋ ಜಗಳ, ವರ್ಷಗಟ್ಟಲೆ ಕೋರ್ಟು.

5/5
2020ರ ಏಪ್ರಿಲ್ 24ರಂದು ಶುರುವಾದ ಸ್ವಾಮಿತ್ವ ಯೋಜನೆ ನೋಡಿ. ಗ್ರಾಮಠಾಣಾದ ಮೇಲೆ ಡ್ರೋನ್ ಹಾರೋ ಮೊದಲು ಆಸ್ತಿಗಳ ಗಡಿಗೆ ಸುಣ್ಣದ ಗೆರೆ ಹಾಕ್ತಾರೆ. ಯಾಕಂದ್ರೆ ಮೇಲಿಂದ ಗೋಡೆ ಕಾಣುತ್ತೆ, ಅದು ಯಾರದ್ದು ಅಂತ ಕಾಣಲ್ಲ. ಲೈಡಾರ್‌ಗೂ ಕಾಣಲ್ಲ. ಇಡೀ ಕೆಲಸದಲ್ಲಿ ಅತಿ ಅಗ್ಗದ ವಸ್ತು ಆ ಸುಣ್ಣ. 'ಟೈಮ್ ಇಲ್ಲ' ಅಂತ ಮೊದಲು ಕೈಬಿಡೋಕೆ ನೋಡೋದೂ ಇಂಥದ್ದನ್ನೇ!

ಮುಂದಿನ ಪ್ರಾಜೆಕ್ಟ್ ವರದಿಯಲ್ಲಿ ಡ್ರೋನ್ ಮಾಡೆಲ್‌ಗಿಂತ ಮೊದಲು ಚೆಕ್ ಪಾಯಿಂಟ್ ಎಷ್ಟು, ವ್ಯತ್ಯಾಸ ಎಷ್ಟು ಅಂತ ಬರೀರಿ. ಆ ಕಾಲಂ ಖಾಲಿ ಇದ್ರೆ ನೀವು ಮಾಡಿದ್ದು ಸರ್ವೆ ಅಲ್ಲ, ಚಂದದ ಫೋಟೊ ಅಷ್ಟೇ.

#ಭೂಮಾಪನ #ಡ್ರೋನ್‌ಸರ್ವೆ #ಸುಣ್ಣದಗೆರೆ