ಆಟವೂ ಕಾಯಕವಾದೀತೆ?

ಕಳೆದ ತಿಂಗಳ ಒಂದು ಸೋಮವಾರ ಬೆಳಗಿನ ಲಿಂಗಪೂಜೆ ಮುಗಿಸಿ ಕುಳಿತಿರುವಾಗ ಭಾಲ್ಕಿ ತಾಲೂಕಿನ ಹಳ್ಳಿಯೊಂದರ ಗೃಹಸ್ಥರು ತಮ್ಮ ಮಗನನ್ನು ಕರೆದುಕೊಂಡು ಬಂದರು. ಶರಣಾರ್ಥಿ ಸಲ್ಲಿಸಿ ಕುಳಿತವರು ನೇರವಾಗಿ ವಿಷಯಕ್ಕೆ ಬಂದರು. "ಶಾಸ್ತ್ರಿಗಳೇ, ಇವನಿಗೆ ನಾಕ್ ಮಾತು ಬುದ್ಧಿ ಹೇಳ್ರಿ. ಡಿಗ್ರಿ ಎರಡನೇ ವರ್ಷ ಓದ್ಲಿಕ್ಕತ್ಯಾನ. ಈಗ ಸಾಲಿ ಬಿಟ್ಟು ಕಬಡ್ಡಿ ಆಡ್ತೀನಿ ಅಂತಾನ. ಆಟ ಆಡಿದ್ರ ಹೊಟ್ಟಿ ತುಂಬ್ತದೇನ್ರಿ?"

ಹುಡುಗ ತಲೆ ತಗ್ಗಿಸಿಯೇ ಹೇಳಿದ: "ಬೆಂಗಳೂರು ಬುಲ್ಸ್‌ದಾಗ ಆಡವ್ರಿಗಿ ಲಕ್ಷಗಟ್ಟಲೆ ಕೊಡ್ತಾರ್ರಿ, ಅಪ್ಪಾರೆ. ಕೆಲವರಿಗಿ ಕೋಟಿನೂ ಕೊಟ್ಟಾರ."

ನನಗೆ ತಕ್ಷಣ ಉತ್ತರ ಹೊಳೆಯಲಿಲ್ಲ. ಮಠದ ಅಂಗಳದಲ್ಲಿ ಸಂಜೆಯ ಹೊತ್ತು ನಾವೂ ಮಣ್ಣಿನಲ್ಲಿ ಗೆರೆ ಎಳೆದು ಈ ಆಟ ಆಡಿದವರೇ. ಗಡಿಯಾಚೆಯ ಮರಾಠಿ ಹುಡುಗರು ಅದನ್ನು ಹುತುತು ಎನ್ನುತ್ತಿದ್ದರು. ಆದರೆ ಅದು ಹಸಿವಾಗುವುದಕ್ಕೆ ಆಡುವ ಆಟವಾಗಿತ್ತೇ ಹೊರತು ಹಸಿವು ಹಿಂಗಿಸುವ ಆಟವಾಗಿರಲಿಲ್ಲ. "ಅಮಾವಾಸ್ಯೆ ಕಳೆದ ಮೇಲೆ ಬನ್ನಿ" ಎಂದು ತಂದೆ ಮಕ್ಕಳನ್ನು ಕಳುಹಿಸಿ, ಆ ಹುಡುಗ ಹೆಸರಿಸಿದ ತಂಡದ ವೃತ್ತಾಂತವನ್ನು ಬಲ್ಲವರಿಂದ ಕೇಳಿ, ಓದಿ ತಿಳಿದುಕೊಂಡೆ. ಅದನ್ನೇ ಈ ತಿಂಗಳು ಓದುಗ ಬಂಧುಗಳ ಮುಂದೆ ಇಡುತ್ತಿದ್ದೇನೆ. ಇಂಥ ಪ್ರಶ್ನೆ ಇಂದು ಅನೇಕ ಮನೆಗಳಲ್ಲಿ ಎದ್ದಿರಬಹುದು.

ಕಬಡ್ಡಿ ನಮ್ಮ ನೆಲದ ಪುರಾತನ ಆಟ. 1936ರಲ್ಲಿ ಬರ್ಲಿನ್ ಒಲಿಂಪಿಕ್ಸ್ ಸಂದರ್ಭದಲ್ಲಿ ಅಮರಾವತಿಯ ಹನುಮಾನ್ ವ್ಯಾಯಾಮ ಪ್ರಸಾರಕ ಮಂಡಳದವರು ಅದನ್ನು ಅಲ್ಲಿ ಆಡಿ ತೋರಿಸಿದರು. 1990ರಲ್ಲಿ ಬೀಜಿಂಗಿನ ಏಷ್ಯನ್ ಕ್ರೀಡಾಕೂಟದಲ್ಲಿ ಅದಕ್ಕೆ ಪದಕದ ಸ್ಥಾನ ದೊರೆಯಿತು. ಆ ವರ್ಷದಿಂದ 2014ರವರೆಗೆ ಪುರುಷರ ಚಿನ್ನ ಭಾರತವನ್ನು ಬಿಟ್ಟು ಹೋಗಲಿಲ್ಲ. 2018ರಲ್ಲಿ ಇರಾನ್ ಅದನ್ನು ಕಸಿದುಕೊಂಡಿತು. ಮುಂದಿನ ಕೂಟದಲ್ಲಿ, ಎಂದರೆ 2023ರಲ್ಲಿ ಹಾಂಗ್‌ಝೌ ನಗರದಲ್ಲಿ, ಭಾರತ ಮರಳಿ ಪಡೆಯಿತು. ಇಷ್ಟೆಲ್ಲ ಕೀರ್ತಿ ಇದ್ದರೂ ಆಟಗಾರನ ಜೀವನಕ್ಕೆ ಬಹುಕಾಲ ಆಧಾರವಾಗಿದ್ದುದು ರೈಲ್ವೆ, ಬ್ಯಾಂಕು, ಪೊಲೀಸ್ ಇಲಾಖೆಗಳಲ್ಲಿ ಕ್ರೀಡಾ ಮೀಸಲಿನಡಿ ದೊರೆಯುವ ನೌಕರಿ ಮಾತ್ರ. ಆಟ ನೌಕರಿಗೆ ದಾರಿಯಾಗಿತ್ತು, ಆಟವೇ ನೌಕರಿಯಾಗಿರಲಿಲ್ಲ.

ಆ ಸ್ಥಿತಿ ಬದಲಾದದ್ದು 2014ರಲ್ಲಿ. ಆನಂದ ಮಹೀಂದ್ರ ಮತ್ತು ಚಾರು ಶರ್ಮಾ ಅವರ ಪ್ರಯತ್ನದಿಂದ ಪ್ರೊ ಕಬಡ್ಡಿ ಲೀಗ್ ಎಂಬ ವೃತ್ತಿಪರ ಪಂದ್ಯಾವಳಿ ಎಂಟು ತಂಡಗಳೊಡನೆ ಆ ವರ್ಷದ ಜುಲೈ 26ರಂದು ಮುಂಬಯಿಯಲ್ಲಿ ಆರಂಭವಾಯಿತು. ಆ ಎಂಟರಲ್ಲಿ ಒಂದು ಬೆಂಗಳೂರು ಬುಲ್ಸ್. ಬುಲ್ ಎಂದರೆ ಹೋರಿ, ವೃಷಭ. ವೃಷಭ ಶಬ್ದದ ತದ್ಭವವೇ ಬಸವ ಎಂಬುದನ್ನು ನಮ್ಮವರಿಗೆ ಹೇಳಬೇಕಾಗಿಲ್ಲ. ಹೆಸರಿಟ್ಟವರ ಮನಸ್ಸಿನಲ್ಲಿ ಈ ಅರ್ಥ ಇತ್ತೋ ಇಲ್ಲವೋ, ಕೇಳಿದ ನಮ್ಮ ಕಿವಿಗಂತೂ ಅದು ಹಿತವಾಗಿದೆ. ದೇವಣಿ ತಳಿಯ ಹೋರಿಯನ್ನು ಸಾಕಿದ ಔರಾದ, ಭಾಲ್ಕಿಯ ರೈತ ಬಲ್ಲ: ಹೋರಿಗೆ ಬಲ ಎಷ್ಟಿದ್ದರೂ ನೊಗಕ್ಕೆ ಹೊಂದಿಕೊಂಡಾಗಲೇ ಅದರಿಂದ ಹೊಲ ಹಸನಾಗುತ್ತದೆ. ಈ ತಂಡದ ಚರಿತ್ರೆಯಲ್ಲಿಯೂ ಅದೇ ಕಾಣುತ್ತದೆ.

ಮೊದಲ ವರ್ಷ ಮಂಜೀತ್ ಛಿಲ್ಲರ್ ನಾಯಕತ್ವದಲ್ಲಿ, ಹರಿಯಾಣದ ರಣಧೀರ ಸಿಂಗ್ ಅವರ ತರಬೇತಿಯಲ್ಲಿ ತಂಡ ನಾಲ್ಕರ ಘಟ್ಟ ತಲುಪಿತು. 2015ರಲ್ಲಿ ಅಂತಿಮ ಪಂದ್ಯಕ್ಕೇರಿ ಮುಂಬಯಿಯ ತಂಡಕ್ಕೆ 30-36ರಿಂದ ಸೋತಿತು. ಅನಂತರ ಕೆಲವು ವರ್ಷ ಹಿನ್ನಡೆ. ಅದರ ಜೊತೆಗೆ ಇನ್ನೊಂದು ಸಂಕಟ: ಕಂಠೀರವ ಒಳಾಂಗಣ ಕ್ರೀಡಾಂಗಣ ದೊರೆಯದೆ 2017ರಲ್ಲಿ ತಂಡ ತನ್ನ ತವರಿನ ಪಂದ್ಯಗಳನ್ನು ನಾಗಪುರದಲ್ಲಿಯೂ, 2018ರಲ್ಲಿ ಪುಣೆಯಲ್ಲಿಯೂ ಆಡಬೇಕಾಯಿತು. ಹೆಸರು ಬೆಂಗಳೂರಿನದು, ಅಂಗಳ ಪರರದು! ಆಶ್ಚರ್ಯವೆಂದರೆ ತವರಿಲ್ಲದ ಆ ಆರನೆಯ ಆವೃತ್ತಿಯಲ್ಲಿಯೇ ತಂಡ ಕಿರೀಟ ಧರಿಸಿತು. 2019ರ ಜನವರಿ 5ರಂದು ಮುಂಬಯಿಯಲ್ಲಿ ನಡೆದ ಅಂತಿಮ ಪಂದ್ಯದ ಮೊದಲರ್ಧದಲ್ಲಿ ಹಿಂದೆ ಬಿದ್ದಿದ್ದರೂ, ಕೊನೆಗೆ ಗುಜರಾತ್ ತಂಡವನ್ನು 38-33ರಿಂದ ಸೋಲಿಸಿತು. ಆ 38ರಲ್ಲಿ 22 ಅಂಕಗಳನ್ನು ತಂದವನು ಪವನ್ ಸೆಹ್ರಾವತ್ ಎಂಬ ಒಬ್ಬನೇ ದಾಳಿಗಾರ. ಅದೇ ವರ್ಷದ ಅಕ್ಟೋಬರದಲ್ಲಿ ಆತ ಹರಿಯಾಣದ ವಿರುದ್ಧ ಒಂದೇ ಪಂದ್ಯದಲ್ಲಿ 39 ದಾಳಿ ಅಂಕಗಳನ್ನು ಗಳಿಸಿದ.

ಇಲ್ಲಿಯವರೆಗೆ ಹುಡುಗನ ಮಾತಿಗೆ ಬಲ ಬರುವ ಕಥೆ. ಮುಂದಿನದು ತಂದೆಯ ಮಾತಿಗೆ ಬಲ ಬರುವ ಕಥೆ.

ಈ ಪಂದ್ಯಾವಳಿಯಲ್ಲಿ ಆಟಗಾರರನ್ನು ಹರಾಜಿನಲ್ಲಿ ಪಡೆಯುತ್ತಾರೆ. ಮನುಷ್ಯನಿಗೆ ಹರಾಜೇ ಎಂದು ನಮ್ಮಂಥ ಹಳಬರಿಗೆ ಆ ಶಬ್ದ ಚುಚ್ಚುತ್ತದೆ. ಮಾರಾಟವಾಗುವುದು ವ್ಯಕ್ತಿಯಲ್ಲ, ಗೊತ್ತಾದ ಅವಧಿಯ ಆಟದ ಕರಾರು ಎಂಬುದೇನೋ ನಿಜ. ಆದರೂ ಬೆಲೆ ಕೂಗುವಾಗ ಆ ಭೇದ ಎಷ್ಟು ಜನರ ನೆನಪಿನಲ್ಲಿ ಉಳಿದೀತು? 2014ರ ಹರಾಜಿನಲ್ಲಿ ಅತ್ಯಧಿಕ ಬೆಲೆ ರಾಕೇಶ್ ಕುಮಾರ್ ಅವರಿಗೆ ಬಂದ 12 ಲಕ್ಷ 80 ಸಾವಿರ ರೂಪಾಯಿ. ನಾಲ್ಕೇ ವರ್ಷದಲ್ಲಿ, 2018ರಲ್ಲಿ, ಅದು ಕೋಟಿ ದಾಟಿತು. ಬೆಂಗಳೂರಿಗೆ ಕಿರೀಟ ತಂದ ಪವನ್ 2022ರಲ್ಲಿ ಆ ತಂಡದಿಂದ ಬಿಡುಗಡೆಗೊಂಡು ಎರಡು ಕಾಲು ಕೋಟಿಗೂ ಮೀರಿದ ಬೆಲೆಗೆ ತಮಿಳುನಾಡಿನ ತಂಡ ಸೇರಿದ. ಅಲ್ಲಿ ಆಡಿದ ಮೊದಲ ಪಂದ್ಯದಲ್ಲಿಯೇ ಮೊಣಕಾಲಿಗೆ ಪೆಟ್ಟಾಗಿ ಇಡೀ ಆವೃತ್ತಿ ಹೊರಗುಳಿದ. ಆತ ಗುಣಹೊಂದಿ ಮರಳಿ ಬಂದ, ಮುಂದಿನ ವರ್ಷ ಇನ್ನೂ ಹೆಚ್ಚಿನ ಬೆಲೆ ಪಡೆದ, ಅದು ಸಂತೋಷದ ಸಂಗತಿ. ಆದರೆ ಎಲ್ಲರ ಮೊಣಕಾಲೂ ಮರಳಿ ಬರುವುದಿಲ್ಲ.

ಇನ್ನೊಬ್ಬನ ಕಥೆ ಕೇಳಿರಿ. ಪರದೀಪ್ ನರ್ವಾಲ್ 2015ರಲ್ಲಿ ಬೆಂಗಳೂರಿನಿಂದಲೇ ಈ ಪಂದ್ಯಾವಳಿಗೆ ಕಾಲಿಟ್ಟವನು. ಆಮೇಲೆ ಪಾಟ್ನಾ ಸೇರಿ, ಪಂದ್ಯಾವಳಿಯ ಚರಿತ್ರೆಯಲ್ಲಿ ಎಲ್ಲರಿಗಿಂತ ಹೆಚ್ಚು ದಾಳಿ ಅಂಕಗಳ ಒಡೆಯನಾದ. 2024ರಲ್ಲಿ ಮರಳಿ ಬೆಂಗಳೂರಿಗೆ ಬಂದ. ಆ ವರ್ಷ ತಂಡ 22 ಪಂದ್ಯಗಳಲ್ಲಿ ಎರಡನ್ನು ಮಾತ್ರ ಗೆದ್ದು ಹನ್ನೆರಡು ತಂಡಗಳಲ್ಲಿ ಕೊನೆಯದಾಯಿತು. 2025ರ ಹರಾಜಿನಲ್ಲಿ ಆತನ ಹೆಸರು ಕೂಗಿದಾಗ ಯಾವ ತಂಡವೂ ಕೈಯೆತ್ತಲಿಲ್ಲ. ಆತ ನಿವೃತ್ತಿ ಸಾರಿದ. ಆಗ ಆತನಿಗೆ ಮೂವತ್ತೂ ತುಂಬಿರಲಿಲ್ಲ. ಯಾವ ನೌಕರಿಯಲ್ಲಿ ಮೂವತ್ತರೊಳಗೆ ಮುಪ್ಪು ಬರುತ್ತದೆ, ಹೇಳಿರಿ!

ಆ ಸೋಲಿನ ಬಳಿಕ ಹನ್ನೊಂದು ಆವೃತ್ತಿಗಳ ಗುರು ರಣಧೀರ ಸಿಂಗ್ ಅವರ ಸ್ಥಾನಕ್ಕೆ ಕರ್ನಾಟಕದವರೇ ಆದ, ಅರ್ಜುನ ಪ್ರಶಸ್ತಿ ಪುರಸ್ಕೃತ ಬಿ. ಸಿ. ರಮೇಶ ಬಂದರು. ಅದಕ್ಕೂ ಮೊದಲು ಬಂಗಾಲ ಮತ್ತು ಪುಣೆಯ ತಂಡಗಳಿಗೆ ಕಿರೀಟ ತಂದುಕೊಟ್ಟಿದ್ದವರು ಇವರು. ಕೊನೆಯಲ್ಲಿದ್ದ ತಂಡ ಅವರ ಕೈಯಲ್ಲಿ ಒಂದೇ ವರ್ಷದಲ್ಲಿ ಮೇಲಿನ ಸಾಲಿಗೇರಿತು. ನಮ್ಮ ನಾಡಿನಲ್ಲಿ ಗುರುಗಳಿಗೆ ಕೊರತೆ ಇಲ್ಲ. ಆಟಗಾರರಿಗೂ ಕೊರತೆ ಇಲ್ಲ: ಸುಕೇಶ ಹೆಗ್ಡೆ 2017ರಲ್ಲಿ ಗುಜರಾತಿಗೆ, ಪ್ರಶಾಂತಕುಮಾರ ರೈ ಎಂಟನೆಯ ಆವೃತ್ತಿಯಲ್ಲಿ ಪಾಟ್ನಾಕ್ಕೆ ನಾಯಕರಾಗಿದ್ದರು. ಇಬ್ಬರೂ ಕರಾವಳಿ ಕರ್ನಾಟಕದವರು. ಕನ್ನಡಿಗರು ಪರರ ತಂಡಕ್ಕೆ ನಾಯಕರಾಗುವುದು, ಬೆಂಗಳೂರಿನ ತಂಡದಲ್ಲಿ ಹರಿಯಾಣದವರು ಮೆರೆಯುವುದು, ಇದು ಹರಾಜಿನ ನ್ಯಾಯ.

ಇದಕ್ಕೆ ಹೊರತಾದ ಪದ್ಧತಿಯೂ ಲೋಕದಲ್ಲಿ ಉಂಟು. ಹಾಲೆಂಡ್ ದೇಶದ ಗ್ರೋನಿಂಗೆನ್ ನಗರದಲ್ಲಿ ಡೊನಾರ್ ಎಂಬ ವೃತ್ತಿಪರ ಬ್ಯಾಸ್ಕೆಟ್‌ಬಾಲ್ ತಂಡವಿದೆ. ಅದರ ಮೂಲ 1881ರಲ್ಲಿ ವಿದ್ಯಾರ್ಥಿಗಳು ಕಟ್ಟಿಕೊಂಡ ವ್ಯಾಯಾಮ ಸಂಘ; ಬ್ಯಾಸ್ಕೆಟ್‌ಬಾಲ್ ಅದಕ್ಕೆ ಸೇರಿದ್ದು 1951ರಲ್ಲಿ. ಹಣ ಕೊಟ್ಟ ವ್ಯಾಪಾರ ಸಂಸ್ಥೆಗಳ ಹೆಸರುಗಳನ್ನು ಆ ತಂಡ ಹಲವು ಸಲ ಹೊತ್ತಿತು. ಒಂದು ಅನಿಲ ಕಂಪನಿಯ ಹೆಸರಿನಲ್ಲಿಯೂ ಕೆಲವು ವರ್ಷ ಆಡಿತು. ಆದರೆ 2014ರಲ್ಲಿ ತನ್ನ ಹಳೆಯ ಹೆಸರಿಗೇ ಮರಳಿತು. ಅಲ್ಲಿ ಮೊದಲು ಸಂಘ ಹುಟ್ಟಿತು, ಆಮೇಲೆ ಧಣಿಗಳು ಬಂದರು, ಹೋದರು. ಇಲ್ಲಿ ಮೊದಲು ಧಣಿ, ಆಮೇಲೆ ತಂಡ. ಬೇರಿದ್ದ ಗಿಡ ಎಲೆ ಉದುರಿದರೂ ಚಿಗುರುತ್ತದೆ. ನಮ್ಮ ಮಠಗಳೂ ಹಾಗೆಯೇ ಬಾಳಿದವು. ನಿಜಾಮರ ಆಳ್ವಿಕೆಯಲ್ಲಿ ಭಾಲ್ಕಿ ಹಿರೇಮಠದ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕ ಹಾಕಿ ಒಳಗೆ ಕನ್ನಡ ಕಲಿಸಿದರು ಎಂಬುದು ನಮ್ಮ ಜಿಲ್ಲೆಯ ಹಿರಿಯರೆಲ್ಲ ಬಲ್ಲ ಮಾತು. ಫಲಕ ಯಾವುದಿದ್ದರೇನು, ಒಳಗಿನ ಕಾಯಕ ಕೆಡಲಿಲ್ಲ.

ಇನ್ನು ಮೂಲ ಪ್ರಶ್ನೆ. ಆಟವಾಡಿ ಹಣ ಪಡೆಯುವುದು ಕಾಯಕವೆ? ಶರಣರು ವೃತ್ತಿಗಳಲ್ಲಿ ಮೇಲು ಕೀಳು ಎಣಿಸಲಿಲ್ಲ. ಮಡಿ ಮಾಡುವವರು, ದೋಣಿ ನಡೆಸುವವರು, ಹಗ್ಗ ಹೊಸೆಯುವವರು ಅನುಭವ ಮಂಟಪದಲ್ಲಿ ಸಮಾನರಾಗಿ ಕುಳಿತರು. ಅವರು ಕೇಳಿದ್ದು ಎರಡೇ: ದುಡಿಮೆ ಶುದ್ಧವೆ? ಬಂದುದರಲ್ಲಿ ದಾಸೋಹ ಉಂಟೆ? ಆಯ್ದಕ್ಕಿ ಮಾರಯ್ಯ ಒಂದು ದಿನ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ, ಹೆಚ್ಚಿನದನ್ನು ಅಲ್ಲಿಯೇ ಸುರಿದು ಬರುವಂತೆ ಲಕ್ಕಮ್ಮ ಹೇಳಿದ ಪ್ರಸಂಗ ಎಲ್ಲರಿಗೂ ತಿಳಿದದ್ದು. ಆ ಅಳತೆಗೋಲಿನಿಂದ ನೋಡಿದರೆ, ದೇಹವನ್ನು ಚಟಗಳಿಂದ ದೂರವಿಟ್ಟು, ಎದುರಾಳಿಯನ್ನು ಗೌರವಿಸಿ, ಹತ್ತು ಜನರಿಗೆ ನಿರ್ಮಲ ಸಂತೋಷ ಕೊಡುವ ಆಟಗಾರನ ಬೆವರು ಶುದ್ಧವೇ. ಕೋಟಿಯ ಆಸೆಯಿಂದ ಆಡಿದರೆ ಮಾತ್ರ ಅದು ಜೂಜು.

ಆಟದ ಒಳಗೂ ಒಂದು ಪಾಠವಿದೆ. ಹದಿಮೂರು ಮೀಟರ್ ಉದ್ದ, ಹತ್ತು ಮೀಟರ್ ಅಗಲದ ಅಂಕಣದಲ್ಲಿ ಏಳು ಜನರ ನಡುವೆ ಒಬ್ಬನೇ ನುಗ್ಗಬೇಕು. ಬಾಯಲ್ಲಿ ಒಂದೇ ನಾಮ ಎಡೆಬಿಡದೆ ಇರಬೇಕು. ಈಗ ದಾಳಿಗೆ ಮೂವತ್ತು ಸೆಕೆಂಡುಗಳ ಮಿತಿಯೂ ಇದೆ. ಎಷ್ಟು ಮುಟ್ಟಿದರೂ ಮರಳಿ ತನ್ನ ಗೆರೆ ಮುಟ್ಟದಿದ್ದರೆ ಫಲವಿಲ್ಲ. ತನ್ನವನೊಬ್ಬ ಅಂಕ ತಂದಾಗ ಹೊರಗೆ ಕುಳಿತವನು ಮತ್ತೆ ಒಳಗೆ ಬರುತ್ತಾನೆ. ಒಬ್ಬನ ದುಡಿಮೆಯಿಂದ ಇನ್ನೊಬ್ಬನಿಗೆ ಜೀವ! ಇದಕ್ಕಿಂತ ಸುಲಭವಾಗಿ ದಾಸೋಹವನ್ನು ಮಕ್ಕಳಿಗೆ ಹೇಗೆ ತಿಳಿಸುವುದು?

ಹೆಣ್ಣುಮಕ್ಕಳ ವಿಷಯವನ್ನೂ ಮರೆಯಬಾರದು. 2010ರ ಏಷ್ಯನ್ ಕ್ರೀಡಾಕೂಟದಲ್ಲಿ ಮಹಿಳಾ ಕಬಡ್ಡಿ ಮೊದಲು ಸೇರಿದಾಗ ಚಿನ್ನ ಗೆದ್ದ ಭಾರತ ತಂಡದಲ್ಲಿ ನಮ್ಮ ರಾಜ್ಯದ ತೇಜಸ್ವಿನಿ ಬಾಯಿ, ಮಮತಾ ಪೂಜಾರಿ ಇದ್ದರು. ಇಬ್ಬರೂ ಅರ್ಜುನ ಪ್ರಶಸ್ತಿ ಪಡೆದರು. 2016ರಲ್ಲಿ ಪ್ರೊ ಕಬಡ್ಡಿಯವರು ಮೂರು ಮಹಿಳಾ ತಂಡಗಳ ಪಂದ್ಯಾವಳಿ ನಡೆಸಿದರು. ಮುಂದಿನ ವರ್ಷ ಅದು ನಡೆಯಲಿಲ್ಲ. ಅಕ್ಕನ ನಾಡಿನವರು ಇದನ್ನು ಕೊರತೆಯೆಂದು ಭಾವಿಸಬೇಕು.

ಅಮಾವಾಸ್ಯೆ ಕಳೆದು ತಂದೆ ಮಗ ಮತ್ತೆ ಬಂದರು. ಮೇಲಿನದನ್ನೆಲ್ಲ ಹೇಳಿ, ಹುಡುಗನಿಗೆ ಅಂದೆ: "ತಮ್ಮಾ, ಆಡು. ಮನಸ್ಸಿಟ್ಟು ಆಡು. ಆದರೆ ಪದವಿ ಮುಗಿಸು. ಮೂವತ್ತಕ್ಕೆ ಆಟ ನಿನ್ನನ್ನು ಬಿಟ್ಟರೆ ಆಮೇಲಿನ ಮೂವತ್ತು ವರ್ಷಕ್ಕೆ ಕೈಯಲ್ಲಿ ಏನಾದರೂ ಇರಬೇಕು." ತಂದೆಗೆ ಅಂದೆ: "ಅವನನ್ನು ತಡೆಯಬೇಡಿ. ಸಂಜೆ ಹೊಲದ ಕೆಲಸಕ್ಕೆ ಒಂದು ತಾಸು ತಡವಾಗಿ ಬಂದರೆ ಸಹಿಸಿಕೊಳ್ಳಿ."

ತಂದೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ತಾಸ ಅಲ್ರಿ, ಎರಡು ತಾಸ ಆಡ್ಲಿ. ಸಾಲಿ ಬಿಡಬಾರ್ದು, ಅಷ್ಟೇ" ಎಂದರು. ಹುಡುಗ ಮೊದಲ ಸಲ ತಲೆಯೆತ್ತಿ ತಂದೆಯ ಮುಖ ನೋಡಿದ.

ಬೀದರ ಬೆಂಗಳೂರಿನಿಂದ ಸುಮಾರು 700 ಕಿಲೋಮೀಟರ್ ದೂರ. ಅಲ್ಲಿಯ ತಂಡ ನಮ್ಮ ಹಳ್ಳಿಗಳನ್ನು ಹುಡುಕಿಕೊಂಡು ಬರುವವರೆಗೆ ನಾವು ಕಾಯಬೇಕಾಗಿಲ್ಲ. ಊರ ಜಾತ್ರೆಯ ಸಮಿತಿಯವರು ಪಟಾಕಿಗೆ ಸುಡುವ ಹಣದಲ್ಲಿ ಒಂದು ಪಾಲು ತೆಗೆದು ಮಕ್ಕಳಿಗಾಗಿ ಒಂದು ಅಂಗಳ ಹಸನು ಮಾಡಿಸಲಿ, ಸಂಜೆ ಕಲಿಸುವ ಒಬ್ಬರನ್ನು ಗೊತ್ತುಪಡಿಸಲಿ. ಧಣಿಗಿಂತ ಮೊದಲು ಸಂಘ ಹುಟ್ಟಲಿ. ಅದೂ ದಾಸೋಹವೇ.

ಶರಣು ಶರಣಾರ್ಥಿ.