ಹಾಲು ಅಳೆದರೆ ಹಸು ಅಳೆದಂತಾಯ್ತೆ?

ದಿನಾ ಎರಡು ಹೊತ್ತು ನಮ್ಮೂರ ಡೇರಿಯಲ್ಲಿ ಹಾಲು ಅಳೆಯುತ್ತಾರೆ. ಲೀಟರ್ ಎಷ್ಟು, ಫ್ಯಾಟ್ ಎಷ್ಟು, ಎಸ್.ಎನ್.ಎಫ್. ಎಷ್ಟು, ಎಲ್ಲಾ ಚೀಟಿಯಲ್ಲಿ ಬರುತ್ತೆ. ಹಸು ಹೇಗಿದೆ ಎಂಬ ಕಾಲಂ ಮಾತ್ರ ಅದರಲ್ಲಿಲ್ಲ. ಡೇರಿಯವರನ್ನು ದೂರಲು ಇದನ್ನು ಬರೆಯುತ್ತಿಲ್ಲ. ಆ ಕಾಲಂ ನನ್ನ ತಲೆಯಲ್ಲೂ ಇರಲಿಲ್ಲ.

ನನ್ನದು ಚಳ್ಳಕೆರೆ ಸೀಮೆಯ ಮಳೆ ನಂಬಿದ ಬೇಸಾಯ. ಶೇಂಗಾ, ಸಜ್ಜೆ, ತೊಗರಿ. ಮಳೆ ಕೈಕೊಟ್ಟ ವರ್ಷ ಮನೆ ನಡೆಸೋದು ಕರೆಯುವ ಹಸುವೇ. ಒಂದು ಎಚ್.ಎಫ್. ಮಿಶ್ರತಳಿ ಹಸುವಿತ್ತು. ಹಿಂಡಿ, ಬೂಸಾ, ಹಸಿಮೇವು, ಯಾವುದಕ್ಕೂ ಕಡಿಮೆ ಮಾಡಿರಲಿಲ್ಲ. ಹೊತ್ತಿಗೆ ಏಳು ಲೀಟರ್ ಕೊಡುತ್ತಿತ್ತು. 'ನಿನ್ನ ಹಸು ರಾಣಿ ಇದ್ದಂಗೈತೆ ಬಿಡಪ್ಪ' ಅಂತ ಬಂದವರೆಲ್ಲ ಹೇಳೋರು. ರಾಣಿಯನ್ನು ಕಟ್ಟಿದ್ದು ಸಿಮೆಂಟ್ ನೆಲದ ಮೇಲೆ, ಎರಡು ಮೊಳದ ಹಗ್ಗದಲ್ಲಿ, ವರ್ಷವಿಡೀ! ಮಲಗುವುದು ಕಡಿಮೆಯಾಯಿತು. ಮಂಡಿ ಊದಿ ಕೂದಲು ಉದುರಿತು. ಹಿಂಗಾಲು ಬದಲಿಸಿ ಬದಲಿಸಿ ನಿಲ್ಲುತ್ತಿತ್ತು. ನನ್ನಾಕೆ ಎರಡು ಸಲ ಹೇಳಿದಳು. 'ಹಾಲು ಇಳಿದಿಲ್ವಲ್ಲ, ಸುಮ್ನಿರು' ಅಂದೆ. ಹಾಲು ಇಳಿಯುವ ಹೊತ್ತಿಗೆ ಗೊರಸಿನೊಳಗೆ ಕೀವಾಗಿತ್ತು. ಡಾಕ್ಟರು ಕೆತ್ತಿ ಔಷಧಿ ಹಾಕಿದರು. ತಡವಾಗಿತ್ತು. ಎರಡು ತಿಂಗಳಲ್ಲಿ ಮೇಲೇಳಲಾರದೆ ಸತ್ತಿತು.

ಅದೇ ಡಾಕ್ಟರಿಂದ ಒಂದಷ್ಟು ತಿಳಿದುಕೊಂಡೆ. 1965ರಲ್ಲಿ ಇಂಗ್ಲೆಂಡಿನಲ್ಲಿ ಬ್ರಾಂಬೆಲ್ ಸಮಿತಿ, ಸಾಕಿದ ಪ್ರಾಣಿಗೆ ಏಳಲು, ಮಲಗಲು, ತಿರುಗಲು, ಮೈ ನೆಕ್ಕಿಕೊಳ್ಳಲು, ಕಾಲು ಚಾಚಲು ಆಗಲೇಬೇಕು ಅಂತ ಹೇಳಿತ್ತಂತೆ. ನನ್ನ ಎರಡು ಮೊಳದ ಹಗ್ಗದಲ್ಲಿ ಇದರಲ್ಲಿ ಎಷ್ಟು ಆಗುತ್ತಿತ್ತು? 2009ರಲ್ಲಿ ಯುರೋಪಿನವರು ಹಸು, ಹಂದಿ, ಕೋಳಿಗಳ ಕ್ಷೇಮ ಅಳೆಯಲು 12 ಅಂಶಗಳ ಕ್ರಮ ಹೊರತಂದರು. ಮೇವು, ವಾಸ, ಆರೋಗ್ಯ, ನಡವಳಿಕೆ ಎಂಬ ನಾಲ್ಕು ಗುಂಪು. ಅದರಲ್ಲಿ ನನಗೆ ಹಿಡಿಸಿದ್ದು, ಕೊಟ್ಟಿಗೆಗಿಂತ ಹೆಚ್ಚಾಗಿ ಪ್ರಾಣಿಯನ್ನೇ ನೋಡು ಎಂಬುದು.

ಆದರೆ ಕೂಡಿಸುವಲ್ಲಿ ಒಂದು ಮೋಸವಿದೆ. ನಮ್ಮ ಕಡೆ ಮ್ಯಾಸನಾಯಕರ ದೇವರ ಎತ್ತುಗಳಿವೆ. ಕಿಲಾರಿಗಳು ಕಾಯುತ್ತಾರೆ. ನೊಗವಿಲ್ಲ, ಗಾಡಿಯಿಲ್ಲ. ಓಡಾಟಕ್ಕೆ ನೂರಕ್ಕೆ ನೂರು ಕೊಡಿ. ಬರಗಾಲದಲ್ಲಿ ಮೇವಿಗೆ ಸೊನ್ನೆ. ನನ್ನ ಹಸುವಿಗೆ ಮೇವಿಗೆ ನೂರು, ಓಡಾಟಕ್ಕೆ ಸೊನ್ನೆ. ಕೂಡಿಸಿ ಎರಡರಿಂದ ಭಾಗಿಸಿದರೆ ಇಬ್ಬರಿಗೂ ಐವತ್ತು. ಇಬ್ಬರೂ ಪಾಸು! ಒಂದು ಹಸಿದು ಸಾಯುತ್ತೆ, ಇನ್ನೊಂದು ಕಾಲು ಕೊಳೆತು.

ನಾನು ಓದಿದ್ದು ಏಳನೇ ಕ್ಲಾಸು. ನಮ್ಮ ಕಾಲದಲ್ಲಿ ಲೆಕ್ಕದಲ್ಲಿ ಫೇಲಾದರೆ ಕನ್ನಡದ ನಂಬರು ಕಾಪಾಡುತ್ತಿರಲಿಲ್ಲ. ದನಕ್ಕೂ ಅದೇ ನಿಯಮ ಇರಲಿ. ಹಿಂಡಿ ಚೀಲದಿಂದ ಕಾಲುನೋವು ತೀರುವುದಿಲ್ಲ. ಇಡೀ ಮಂದೆಯ ಸರಾಸರಿಯೂ ಬೇಡ. ಒಂಬತ್ತು ಚೆನ್ನಾಗಿದ್ದು ಒಂದು ಕುಂಟಿದರೆ, ಕುಂಟುವುದರ ನೋವು ಹತ್ತರಲ್ಲಿ ಹಂಚಿಹೋಗುತ್ತದೆಯೇ?

ಸೋಮವಾರ ನಮ್ಮಲ್ಲಿ ಎತ್ತು ಹೂಡುವುದಿಲ್ಲ. ಆವತ್ತು ಅರ್ಧ ಗಂಟೆ ಒಂದೊಂದನ್ನೇ ನೋಡುತ್ತೇನೆ. ಹಳೇ ನೋಟ್ ಬುಕ್ಕಿನಲ್ಲಿ ಐದು ಕಾಲಂ ಹಾಕಿದ್ದೇನೆ.

ಒಂದು, ಮೈ: ಪಕ್ಕೆಲುಬು, ಸೊಂಟದ ಮೂಳೆ ಎದ್ದು ಕಾಣುತ್ತಿವೆಯೇ? ಎರಡು, ನಡಿಗೆ: ಹಗ್ಗ ಬಿಚ್ಚಿ ಇಪ್ಪತ್ತು ಹೆಜ್ಜೆ ನಡೆಸುವುದು. ತಲೆ ಎತ್ತಿ ಇಳಿಸಿ ನಡೆದರೆ ಕಾಲಿನಲ್ಲಿ ನೋವಿದೆ. ಮೂರು, ಚರ್ಮ: ಹೆಗಲ ಮೇಲೆ ನೊಗದ ಗಾಯ, ಮೂಗುದಾರದ ಹುಣ್ಣು, ಮಂಡಿ ಊತ, ಉಣ್ಣೆ. ನಾಲ್ಕು, ಮಲಗುವುದು: ಆರಾಮಾಗಿ ಮಲಗಿ ಮೆಲುಕು ಹಾಕುತ್ತಿದೆಯೇ? ಐದು, ಭಯ: ಎದುರಿನಿಂದ ನಿಧಾನ ಕೈಚಾಚಿ ಹೋದರೆ ನಿಲ್ಲುತ್ತದೋ, ಬೆದರಿ ಹಿಂದೆ ಸರಿಯುತ್ತದೋ? ಯಾವ ಕಾಲಂ ಕೆಟ್ಟಿದೆಯೋ ಅದೇ ಆ ವಾರದ ಕೆಲಸ. ಕೂಡಿಸುವ ಗೋಜೇ ಇಲ್ಲ.

'ನಮಗೇ ಸುಖ ಇಲ್ಲ, ದನಕ್ಕೆಲ್ಲಿಂದ ತರೋಣ?' ಅಂತ ಪಕ್ಕದ ಹೊಲದವರು ಕೇಳಿದರು. ಮಾತು ಸುಳ್ಳಲ್ಲ. ಆದರೆ ಅರ್ಧ ಕೊಟ್ಟಿಗೆಗೆ ಮಣ್ಣು ಹಾಕಿಸಿದೆ, ಹಗ್ಗ ಉದ್ದ ಮಾಡಿದೆ, ಸಂಜೆ ಕಣದಲ್ಲಿ ಬಿಡುತ್ತೇನೆ. ಇದಕ್ಕೆ ಆದ ಖರ್ಚು ಸತ್ತ ಹಸುವಿನ ಒಂದು ಕಾಲಿನ ಬೆಲೆಯಷ್ಟೂ ಇಲ್ಲ. ಮೇವಿನ ಕಾಲಂ ಮಾತ್ರ ಬರಗಾಲದಲ್ಲಿ ನನ್ನ ಕೈ ಮೀರುತ್ತದೆ. ಅದನ್ನೂ ಮುಚ್ಚಿಡದೆ ಬರೆಯುತ್ತೇನೆ.

ನಿಮ್ಮ ಕೊಟ್ಟಿಗೆಯಲ್ಲಿ ಆರನೇ ಕಾಲಂ ಏನಾದರೂ ಇದ್ದರೆ ಪತ್ರಿಕೆಗೆ ಬರೆಯಿರಿ. ನನ್ನ ನೋಟ್ ಬುಕ್ಕಿನಲ್ಲಿ ಜಾಗವಿದೆ.